ಹರಿಯಬಾರದ ಹಾಳೆ

ಸತ್ತ ನಲವತ್ತನೆಯ ದಿನದ ತಿಥಿಗೆ ಇನ್ನೆರಡು ದಿನ ಇದೆ ಎನ್ನುವಾಗ, ಗೋರ್ನಾ ಲಿಪಾ ಊರಿನ ಬಸ್ ನಿಲ್ದಾಣದಲ್ಲಿ ನೆವ್ಯಾನಾ ತನ್ನ ಸ್ವಂತ ತಾತನನ್ನು ಗುರುತು ಹಿಡಿಯದೆ ಮುಂದೆ ನಡೆದುಬಿಟ್ಟಳು. ಸ್ವಲ್ಪ ದೂರ ಹೋದ ಮೇಲೆ ಯಾರೋ ಹಿಂದಿನಿಂದ ತೋಳು ಜಗ್ಗಿದಂತಾಗಿ ತಿರುಗಿ ಬಂದಳು.

ನಿಲ್ದಾಣದ ಗೋಡೆಯ ತುಂಬ ಎಂದಿನಂತೆ, ಸತ್ತವರ ಮುಖ, ಹೆಸರು ಅಚ್ಚಾದ ಸಾವಿನ ಹಾಳೆಗಳು. ಸತ್ತು ಆರು ತಿಂಗಳಾದ ಹೆಂಗಸಿನದು, ವರ್ಷ ತುಂಬಿದ ಮೇಷ್ಟ್ರದು, ಬಿಸಿಲಿಗೆ ಮುಖ ಮಾಸಿ ಹೆಸರು ಮಾತ್ರ ಉಳಿದ ಇನ್ನೊಬ್ಬರದು. ಅವುಗಳ ನಡುವೆ, ಉಳಿದವನ್ನೆಲ್ಲ ಮೊಣಕೈಯಲ್ಲಿ ತಿವಿದು ಜಾಗ ಮಾಡಿಕೊಂಡಂತೆ, ಎರಡು ಪಟ್ಟು ದೊಡ್ಡದೊಂದು ಹೊಸ ಹಾಳೆ. ಮೇಲೆ ದೇಶದ ಬಾವುಟದ ಬಿಳಿ, ಹಸಿರು, ಕೆಂಪು ಪಟ್ಟಿ. ಅದರ ಕೆಳಗೆ ಪದಕಗಳು ತೂಗುವ ಮಿಲಿಟರಿ ಕೋಟು. ಕೋಟಿನ ಕಾಲರಿನಿಂದ ಮೇಲೆ, ಅರ್ಧ ನಿದ್ದೆಯಲ್ಲಿ ಬಾಯಿ ತೆರೆದ ಮುದುಕ.

ಅದು ಅವಳ ತಾತ ಸ್ತಮೆನ್. ಕೋಟು ಅವನದಲ್ಲ.

'ದ್ರಾವಾ ನದಿಯ ಸಿಂಹ. ಹದಿನೇಳು ಶತ್ರುಗಳನ್ನು ನೆಲಕ್ಕೆ ಕೆಡವಿದ ವೀರ ಯೋಧ. ನಮ್ಮೂರಿನ ಹೆಮ್ಮೆ. ಕೃತಜ್ಞತೆಯಿಂದ, ಪುರಸಭೆ ಮತ್ತು ಮೇಯರ್ ವೆಸೆಲಿನ್ ಬಾಚೆವ್.' ಮೇಯರರ ಹೆಸರು ತಾತನ ಹೆಸರಿಗಿಂತ ಸ್ವಲ್ಪ ಮಾತ್ರ ಚಿಕ್ಕದಾಗಿತ್ತು.

ಈ ಹಾಳೆಗೆ ಅವಳು ಬರೆದುಕೊಟ್ಟಿದ್ದ ಮಾತುಗಳೇ ಬೇರೆ. ಊರಿನಲ್ಲಿ ಡಿಗ್ರಿ ಮಾಡಿದ ಹುಡುಗಿ, ಯಾವಾಗಲೂ ಏನೋ ಗೀಚುತ್ತಿರುತ್ತಾಳೆ, ಅವಳೇ ಬರೆಯಲಿ ಎಂದು ಮನೆಯವರು ಅವಳಿಗೆ ಒಪ್ಪಿಸಿದ್ದರು. ಮೂರು ದಿನ ಬರೆದು, ಹೊಡೆದುಹಾಕಿ, ತಿದ್ದಿ, ಕೊನೆಗೆ ಉಳಿದದ್ದು ಎರಡೇ ಸಾಲು. 'ಸ್ತಮೆನ್ ಕರಜೋವ್, ಪಲ್ಟನ್ನಿನ ಬ್ರೆಡ್ ಸುಡುವವನು, ಆಮೇಲೆ ಈ ಊರಿಗೆ ಬ್ರೆಡ್ ಸುಟ್ಟವನು. ಒಂದು ಗುಂಡೂ ಹಾರಿಸಲಿಲ್ಲ, ಇಲ್ಕೊನನ್ನು ಒಂದು ದಿನವೂ ಮರೆಯಲಿಲ್ಲ.' ಫೋಟೊ ಕೂಡ ತಾತ ತಾನೇ ಆರಿಸಿಟ್ಟದ್ದು. ಸಾಯುವ ದಿನಕ್ಕೆಂದು ಕಟ್ಟಿಟ್ಟಿದ್ದ ಗಂಟಿನಲ್ಲಿ ಒಗೆದ ಅಂಗಿ, ಹೊಸ ಟವೆಲು, ಮೇಣದ ಬತ್ತಿಯ ಜೊತೆಗೆ ಇಟ್ಟಿದ್ದ. ಅದರಲ್ಲಿ ಅವನು ಬೇಕರಿ ಬಾಗಿಲಲ್ಲಿ ಏಪ್ರನ್ ಕಟ್ಟಿಕೊಂಡು, ಹುಬ್ಬಿನ ಮೇಲೆ ಹಿಟ್ಟು ಮೆತ್ತಿಕೊಂಡು, ಫೋಟೊ ತೆಗೆಯುವವನನ್ನು ಬೈಯುತ್ತಿರುವಂತೆ ನಿಂತಿದ್ದ.

ನೆವ್ಯಾನಾಳ ಕೈ ತಾನಾಗಿಯೇ ಮೇಲೆದ್ದಿತು. ಹಾಳೆಯ ಮೂಲೆ ಇನ್ನೂ ಹಸಿಯಾಗಿತ್ತು, ಉಗುರಿಗೆ ಸಿಕ್ಕಿತು.

"ಬೇಡ ಮಗಾ," ಅಂದಿತು ಹಿಂದಿನಿಂದ ಒಂದು ದನಿ. ಬೆಂಚಿನ ಮೇಲೆ ಚೀಲ ತಬ್ಬಿಕೊಂಡು ಪೆನಾ ಅಜ್ಜಿ ಕೂತಿದ್ದರು. "ಸತ್ತೋರ ಹಾಳೆ. ಕೀಳಬಾರ್ದು."

ಯಾರು ಯಾರ ಹಾಳೆಯನ್ನಾದರೂ ಹಚ್ಚಬಹುದು. ಮನೆಯವರು ಹಚ್ಚುತ್ತಾರೆ, ನೆರೆಯವರು ಹಚ್ಚುತ್ತಾರೆ, ಜೊತೆಗೆ ಕೆಲಸ ಮಾಡಿದವರು ಹಚ್ಚುತ್ತಾರೆ. ಹಚ್ಚಿದ್ದನ್ನು ಮನುಷ್ಯರ ಕೈ ಕೀಳುವಂತಿಲ್ಲ. ಅದು ಮಳೆ ಬಿಸಿಲುಗಳ ಕೆಲಸ. ಸಾಲ ವಸೂಲಿಗೆ ಬಂದವನೂ, ಹಗೆ ಇಟ್ಟುಕೊಂಡವನೂ, ಕುಡಿದು ತೂರಾಡುವವನೂ ಆ ಹಾಳೆಗಳ ಮುಂದೆ ಕೈ ಕಟ್ಟಿಕೊಳ್ಳುತ್ತಾನೆ.

"ಆದ್ರೆ ಅಜ್ಜಿ, ಇದು ಸುಳ್ಳು," ಅಂದಳು ನೆವ್ಯಾನಾ. ಅಷ್ಟು ಹೇಳುವುದಕ್ಕೇ ಅವಳ ಕಿವಿ ಕೆಂಪಾಯಿತು.

"ಸುಳ್ಳೇ ಕಣವ್ವಾ. ನಿಮ್ಮ ತಾತ ಹದಿನೇಳು ಜನಾನ ಕೊಂದಿದ್ದು ಬ್ರೆಡ್ಡಿಗೆ ಉಪ್ಪು ಜಾಸ್ತಿ ಹಾಕಿ ಅಂತ ಬರೆದಿದ್ರೆ ನಾನೂ ನಂಬ್ತಿದ್ದೆ. ಆದ್ರೂ ಕೀಳಬೇಡ."

ನೆವ್ಯಾನಾ ಮೂಲೆಯನ್ನು ಬೆರಳಿನಿಂದ ಒತ್ತಿ ಮತ್ತೆ ಅಂಟಿಸಿದಳು. ಹಾಗೆ ಅಂಟಿಸಬೇಕಾಗಿ ಬಂದದ್ದಕ್ಕೆ ಅವಳಿಗೆ ಆದ ಸಿಟ್ಟು ಮನೆ ಮುಟ್ಟುವವರೆಗೂ ಎದೆಯಲ್ಲಿ ಕೆಂಡದಂತೆ ಕೂತಿತ್ತು.

ಆ ಕೋಟಿನ ಕಥೆ ಅವಳಿಗೆ ಗೊತ್ತಿತ್ತು. ಕಳೆದ ಮೇ ತಿಂಗಳಲ್ಲಿ ಸೈನಿಕರ ಹಬ್ಬದ ದಿನ ಪುರಸಭೆಯವರು ತಾತನನ್ನು ಕಾರಿನಲ್ಲಿ ಕರೆದೊಯ್ದು ಚೌಕದ ಸ್ಮಾರಕದ ಪಕ್ಕ ಬಿಸಿಲಿನಲ್ಲಿ ಕೂರಿಸಿದ್ದರು. ತಾತ ತನ್ನ ಕಂದು ಸ್ವೆಟರಿನಲ್ಲೇ ಹೋಗಿದ್ದ. ಪುರಸಭೆಯ ಸಂಸ್ಕೃತಿ ವಿಭಾಗದ ತೊನ್ಚೆವಾ ಮೇಡಂ, ಫೋಟೊದಲ್ಲಿ ಸ್ವೆಟರ್ ಚೆನ್ನಾಗಿ ಕಾಣುವುದಿಲ್ಲ ಎಂದು ನಾಟಕದ ಪೆಟ್ಟಿಗೆಯಿಂದ ಒಂದು ಕೋಟು ತರಿಸಿದರು. ತಾತ ಬೇಡ ಅಂದ. ತನ್ನ ಕೋಟು ಒಂದೇ ಇದ್ದದ್ದು, ಅದನ್ನು ದ್ರಾವಾ ದಡದಲ್ಲಿ ಒಬ್ಬ ಗಾಯಾಳುವಿಗೆ ಹೊದಿಸಿ ಬಂದೆ, ಇನ್ನೊಬ್ಬನ ಪದಕ ನನ್ನ ಎದೆ ಮೇಲೆ ಬೇಡ ಅಂದ. ಭಾಷಣಗಳು ಉದ್ದವಾದವು. ಬಿಸಿಲಿಗೆ ತಾತನಿಗೆ ಜೊಂಪು ಹತ್ತಿತು. ಯಾರೋ ಮೆಲ್ಲಗೆ ಕೋಟನ್ನು ಹೆಗಲಿಗೇರಿಸಿ ಗುಂಡಿ ಹಾಕಿದರು. ಮಲಗಿದ ಮಗುವಿಗೆ ಅಂಗಿ ತೊಡಿಸಿದ ಹಾಗೆ.

ಮನೆಯಲ್ಲಿ ಗಿನಾ ಅತ್ತೆ ತಿಥಿಗೆಂದು ಗೋಧಿ ಆರಿಸುತ್ತ ಕೂತಿದ್ದಳು. ತಾತನ ಹಿರಿಮಗಳು, ಗಂಡ ಸತ್ತ ಮೇಲೆ ತವರಿಗೆ ಬಂದವಳು. ತಾಯಿಯಿಲ್ಲದ ನೆವ್ಯಾನಾಳನ್ನು ಬೆಳೆಸಿದವಳೂ ಅವಳೇ. ಎದುರಿಗೆ ನೆವ್ಯಾನಾಳ ಅಪ್ಪ ಪ್ಲಾಮೆನ್ ಕಾಫಿ ಲೋಟದೊಳಗೆ ಏನೋ ಬಿದ್ದಿದೆ ಎಂಬಂತೆ ಅದನ್ನೇ ನೋಡುತ್ತಿದ್ದ.

"ನೋಡಿದ್ಯೇನೇ?" ಅಂದಳು ಅತ್ತೆ. "ಹದಿನೇಳು ಜನಾನಂತೆ. ಕ್ರಿಸ್ಮಸ್ಸಿಗೆ ಕೋಳಿ ಕುಯ್ಯೋಕೂ ನಮ್ಮಪ್ಪ ಪಕ್ಕದ್ಮನೆ ಮೆಥೋದಿಯನ್ನ ಕರೀತಿದ್ದ. ಕುಯ್ಯುವಾಗ ತಾನು ಹಿತ್ತಲಿಗೆ ಹೋಗಿ ನಿಂತ್ಕೊತಿದ್ದ. ಹದಿನೇಳು ಅಂತ ಎಣಿಸಿದೋನು ಯಾರು? ಹದಿನೆಂಟನೇವ್ನು ತಪ್ಪಿಸ್ಕೊಂಡು ಬಂದು ಲೆಕ್ಕ ಕೊಟ್ಟನಾ?"

"ಅಕ್ಕ, ಗೌರವಕ್ಕೆ ತಾನೇ ಹಾಕಿರೋದು," ಅಂದ ಪ್ಲಾಮೆನ್.

"ಯಾರ ಗೌರವಕ್ಕೆ? ಚುನಾವಣೆ ಬರ್ತಿದೆ ಅಂತ ಹೇಳು. ನಮ್ಮಪ್ಪನ್ನ ಓಟು ಕೇಳಕ್ಕೆ ಕಳಿಸ್ತಿದಾರೆ, ಹೆಣವಾದ ಮೇಲೂ."

ನೆವ್ಯಾನಾ ಅಪ್ಪನ ಮುಖವನ್ನೇ ನೋಡಿದಳು. "ನಾನು ಬರೆದ ಕಾಗದ ನಿನ್ನ ಕೈಲಿ ಕೊಟ್ಟಿದ್ದೆ. ಅಚ್ಚಿಗೆ ಕೊಡು ಅಂತ."

ಪ್ಲಾಮೆನ್ ಮೇಯರರ ಕಾರು ಓಡಿಸುತ್ತಿದ್ದ. ಕಾಗದ ಕಾರಿನ ಮುಂದಿನ ಸೀಟಿನಲ್ಲಿತ್ತು. ಮೇಯರ್ ಅದನ್ನೆತ್ತಿ ಓದಿ, ಎಂಥ ಸಣ್ಣ ಮಾತು ಬರೆದಿದ್ದಾಳಪ್ಪ ನಿನ್ನ ಮಗಳು, ನಮ್ಮ ಯೋಧನಿಗೆ ಇಷ್ಟೇನಾ, ನಾವೇ ಹಾಕಿಸುತ್ತೇವೆ ಬಿಡು ಅಂದರಂತೆ. ಆಮೇಲೆ ತೊನ್ಚೆವಾ ಮೇಡಂ ಅಚ್ಚಾಗುವ ಮುಂಚೆ ತಂದು ತೋರಿಸಿದರಂತೆ.

"ತೋರಿಸಿದ್ರಾ?" ಅಂದಳು ಅತ್ತೆ. ಗೋಧಿಯ ಮೇಲೆ ಓಡುತ್ತಿದ್ದ ಅವಳ ಬೆರಳು ನಿಂತಿತು. "ನೀನೇನಂದೆ?"

"ಫೋಟೊ ಚೆನ್ನಾಗಿ ಬಂದಿದೆ ಅಂದೆ."

ಪ್ಲಾಮೆನ್ ಲೋಟ ತಿರುಗಿಸಿದ. "ಇನ್ನೊಂದಿದೆ. ತಿಥಿಗೆ ಸಮಾಧಿ ಹತ್ರ ಮೇಯರ್ ಬರ್ತಾರೆ. ಟೀವಿಯವ್ರೂ ಬರ್ತಾರೆ. ಅಪ್ಪನ ಹೆಸರನ್ನ ಚೌಕದ ಸ್ಮಾರಕದ ಕಲ್ಲಿನ ಮೇಲೆ ಕೆತ್ತಿಸ್ತೀವಿ ಅಂತ ಅಲ್ಲಿ ಹೇಳ್ತಾರೆ. ಚಿನ್ನದ ಅಕ್ಷರದಲ್ಲಿ."

"ಇಲ್ಕೊನ ಹೆಸರಿಗೆ ಕಲ್ಲಲ್ಲಿ ಜಾಗ ಇಲ್ಲ ಅಂದಿದ್ರಲ್ಲ," ಅಂದಳು ನೆವ್ಯಾನಾ.

ಬಹಳ ಮೆಲ್ಲಗೆ ಅಂದಳು. ಆದರೂ ಪ್ಲಾಮೆನ್ ಎದ್ದು ಹೊರಗೆ ಹೋದ.

ಇಲ್ಕೊ ಸ್ತೊಯ್ಕೊವ್ ತಾತನ ಓರಗೆಯವನು, ಇದೇ ಬೀದಿಯವನು. ಯುದ್ಧಕ್ಕೆಂದು ಇಬ್ಬರನ್ನೂ ಒಂದೇ ಲಾರಿಯಲ್ಲಿ ಹಂಗೇರಿಯ ಕಡೆಗೆ ಸಾಗಿಸಿದ್ದರು. ಸ್ತಮೆನ್ ನದೀ ದಡದಲ್ಲಿ ಅಗೆದ ಮಣ್ಣಿನ ಒಲೆಯಲ್ಲಿ ಬ್ರೆಡ್ ಸುಡುತ್ತಿದ್ದ. ಇಲ್ಕೊ ಅದನ್ನು ಗೋಣಿಯಲ್ಲಿ ತುಂಬಿ ಬೆನ್ನ ಮೇಲೆ ಹೊತ್ತು ಮುಂದಿನ ಕಂದಕಗಳಿಗೆ ತಲುಪಿಸುತ್ತಿದ್ದ. ಆಗಾಗ ಕೆಲಸ ಅದಲುಬದಲಾಗುತ್ತಿತ್ತು. ಮಾರ್ಚ್ ತಿಂಗಳ ಒಂದು ಬೆಳಗಿನ ಜಾವ ಹೊರುವ ಸರದಿ ಸ್ತಮೆನನದು. ಅವನು ಹಿಟ್ಟು ನಾದುತ್ತಿದ್ದ. "ನಿನ್ನ ಕೈ ತುಂಬ ಹಿಟ್ಟು, ತೊಳ್ಕೊಳ್ಳೋ ಹೊತ್ತಿಗೆ ಬ್ರೆಡ್ ಆರಿಹೋಗುತ್ತೆ, ನಾನೇ ಹೋಗ್ತೀನಿ ಬಿಡು," ಎಂದು ಇಲ್ಕೊ ಗೋಣಿ ಎತ್ತಿಕೊಂಡು ಹೋದ. ಬ್ರೆಡ್ ಕಂದಕ ಮುಟ್ಟಲಿಲ್ಲ. ಇಲ್ಕೊ ಸಿಗಲಿಲ್ಲ, ಗೋಣಿಯೂ ಸಿಗಲಿಲ್ಲ.

ಪಲ್ಟನ್ನಿನವರು ಅವನನ್ನು ಕಾಣೆಯಾದವನು ಅಂದರು. ಊರಿಗೆ ಬಂದು ಮುಟ್ಟುವಷ್ಟರಲ್ಲಿ ಆ ಮಾತು ಓಡಿಹೋದವನು ಎಂದಾಯಿತು. ಸತ್ತವರ ಹೆಸರು ಕೆತ್ತಿದ ಸ್ಮಾರಕ ಎದ್ದಾಗ ಇಲ್ಕೊನ ಹೆಸರು ಬಿಟ್ಟರು. ಅವನ ತಾಯಿ ಚೌಕದ ಆ ಬದಿಯಲ್ಲಿ ಮತ್ತೆ ನಡೆಯಲಿಲ್ಲ. ಸಂತೆಗೆ ಹೋಗುವಾಗಲೂ ಚರ್ಚಿನ ಹಿಂದಿನಿಂದ ಸುತ್ತಿ ಹೋಗುತ್ತಿದ್ದಳು. ಹಾಗೆ ಸುತ್ತುತ್ತಲೇ ಮುದುಕಿಯಾಗಿ ಸತ್ತಳು.

ತಾತ ಪ್ರತಿ ವಸಂತದಲ್ಲಿ ಒಂದು ಬ್ರೆಡ್ ಕಂಕುಳಲ್ಲಿ ಇಟ್ಟುಕೊಂಡು ಪುರಸಭೆಗೆ ಹೋಗುತ್ತಿದ್ದ. ಒಂದು ಸಾಲು ಕೆತ್ತಿಸಿ ಅನ್ನುತ್ತಿದ್ದ. ರಾಜ ಹೋದ, ಪಕ್ಷ ಬಂತು, ಪಕ್ಷ ಹೋಯಿತು, ಬಾವುಟದ ಮೇಲಿನ ಚಿಹ್ನೆ ಬಂದು ಹೋಯಿತು. ಮೇಜಿನ ಹಿಂದಿನ ಮುಖಗಳು ಬದಲಾದವು. ಉತ್ತರ ಬದಲಾಗಲಿಲ್ಲ. ಹೆಣ ಎಲ್ಲಿದೆ, ಸತ್ತದ್ದನ್ನು ಕಂಡವರು ಯಾರು. ಕೊನೆಗೆ ತೊಂಬತ್ತೇಳನೆಯ ವಯಸ್ಸಿನಲ್ಲಿ, ನೆವ್ಯಾನಾಳ ತೋಳು ಹಿಡಿದು ಮೆಟ್ಟಿಲು ಹತ್ತಿ ಹೋದಾಗ, ತೊನ್ಚೆವಾ ಮೇಡಂ ಅವನ ಕೈ ತಟ್ಟಿ ನಕ್ಕಿದ್ದರು. "ಕಲ್ಲಲ್ಲಿ ಜಾಗವೇ ಇಲ್ಲ ತಾತ. ಇಷ್ಟು ವರ್ಷ ಆದ್ಮೇಲೆ ಯಾರಿಗೆ ಬೇಕು ಹೇಳಿ?" ಹೊರಡುವಾಗ ಒಂದು ಚಾಕಲೇಟಿನ ಡಬ್ಬಿ ಕೊಟ್ಟಿದ್ದರು. ತಾತ ಅದನ್ನು ಮೆಟ್ಟಿಲ ಕೊನೆಯಲ್ಲಿ ಕೂತಿದ್ದ ನಾಯಿಯ ಮುಂದೆ ಇಟ್ಟ. ನಾಯಿಯೂ ಮೂಸಿ ಬಿಟ್ಟಿತು.

ತಾತ ಮೊಮ್ಮಗಳಿಬ್ಬರೂ ಮಾತಿನವರಲ್ಲ. ಅವನು ಸುಟ್ಟ ಬ್ರೆಡ್ಡಿನ ತಳ ತಟ್ಟಿ ಕಿವಿಗಿಟ್ಟುಕೊಂಡು, ಬೆಂದಿದೆಯೋ ಇಲ್ಲವೋ ಅವಳಿಗೂ ಕೇಳಿಸಲೆಂದು ಅವಳ ಕಿವಿಗೆ ಹಿಡಿಯುತ್ತಿದ್ದ. ಅಷ್ಟರಲ್ಲೇ ಒಂದು ಮಧ್ಯಾಹ್ನ ಕಳೆಯುತ್ತಿತ್ತು. ಸತ್ತವರನ್ನು ನೆನೆಯುವ ಪಿತೃಗಳ ಶನಿವಾರಗಳಂದು ಅವನು ಒಂದು ಬ್ರೆಡ್ ಬೇರೆಯಾಗಿ ಸುಟ್ಟು, ಬೀದಿಯಲ್ಲಿ ಮೊದಲು ಎದುರಾದವರ ಕೈಗೆ ಇಡುತ್ತಿದ್ದ. "ಇಲ್ಕೊನಿಗಾಗಿ," ಅನ್ನುತ್ತಿದ್ದ. ತೆಗೆದುಕೊಂಡವರು, "ದೇವರು ಕ್ಷಮಿಸಲಿ," ಅನ್ನಲೇಬೇಕು. ಸತ್ತವರ ಹೆಸರಿನಲ್ಲಿ ಕೊಟ್ಟದ್ದನ್ನು ಬೇಡ ಅನ್ನುವಂತಿಲ್ಲ, ನೆಲದ ಮೇಲೆ ಇಡುವಂತಿಲ್ಲ. ಊರಿನ ಅರ್ಧ ಜನ ಹಾಗೆ ಎಂದಾದರೂ ಒಂದು ಸಲ ಇಲ್ಕೊನಿಗಾಗಿ ಕ್ಷಮೆ ಕೇಳಿದವರೇ. ಓಡಿಹೋದವನೆಂದು ಹಿಂದೆ ಆಡಿಕೊಂಡವರೂ.

ಮಾರನೆಯ ದಿನ ನೆವ್ಯಾನಾ ಪುರಸಭೆಗೆ ಹೋದಳು. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದ್ದಳು. ತೊನ್ಚೆವಾ ಮೇಡಂ ಕುರ್ಚಿ ಎಳೆದು ಕೂರಿಸಿದರು, ನೀರು ಕೊಟ್ಟರು.

"ನೀನು ಬರೆದದ್ದು ತುಂಬ ಮುದ್ದಾಗಿತ್ತಮ್ಮ. ಆದ್ರೆ ಬ್ರೆಡ್ ಸುಡೋನು ಅಂದ್ರೆ ಜನಕ್ಕೆ ಮೈ ಜುಂ ಅನ್ನಲ್ಲ. ಯುದ್ಧ ಅಂದ್ಮೇಲೆ ಯುದ್ಧ ಇರ್ಬೇಕು."

"ಹದಿನೇಳು ಅನ್ನೋದು ಎಲ್ಲಿಂದ ಬಂತು ಮೇಡಂ?"

"ಒಂದು ಸಂಖ್ಯೆ ಇದ್ರೆ ನಂಬಿಕೆ ಬರುತ್ತೆ. ಸುಮ್ನೆ ಅನೇಕರು ಅಂದ್ರೆ ಯಾರು ನಂಬ್ತಾರೆ?" ಅವರು ಇದನ್ನು ನಾಚಿಕೆಯಿಲ್ಲದೆ, ಹೊಲಿಗೆಯ ಯುಕ್ತಿ ಹೇಳಿಕೊಡುವವರ ಹಾಗೆ ಹೇಳಿದರು. "ತಾತನಿಗೆ ಕೆಟ್ಟದ್ದೇನಾದ್ರೂ ಬರೆದಿದೀವಾ? ಒಳ್ಳೇದೇ ತಾನೇ?"

"ಕೊಂದ ಅಂತ ಬರೆದಿದೀರ," ಅಂದಳು ನೆವ್ಯಾನಾ. ಅವಳ ದನಿ ನೀರಿನ ಲೋಟದೊಳಗೇ ಬಿದ್ದುಹೋಯಿತು. "ಕಲ್ಲಲ್ಲಿ ಜಾಗ ಇದ್ರೆ ಇಲ್ಕೊನ ಹೆಸರು ಕೆತ್ತಿಸಿ. ತಾತ ಕೇಳಿದ್ದು ಅದೊಂದೇ."

"ಯಾರದು ಇಲ್ಕೊ?"

ಚಾಕಲೇಟಿನ ಡಬ್ಬಿ ಕೊಟ್ಟ ಕೈ ಅದೇ. ನೆವ್ಯಾನಾ ಎದ್ದು ಬಂದಳು. ಚೌಕ ದಾಟುವಾಗ ಸ್ಮಾರಕದ ಹತ್ತಿರ ನಿಂತು ನೋಡಿದಳು. ಹೆಸರುಗಳ ಸಾಲಿನ ಕೆಳಗೆ, ಎಡಗಡೆ, ಒಂದು ಅಂಗೈ ಅಗಲದ ಜಾಗವನ್ನು ಯಾರೋ ಉಜ್ಜಿ ನುಣುಪು ಮಾಡಿ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ಜಾಗ ಮೊದಲಿನಿಂದಲೂ ಅಲ್ಲೇ ಇತ್ತು. ಹೂಗುಚ್ಛ ಇಡುವ ಕಬ್ಬಿಣದ ತಟ್ಟೆ ಅದನ್ನು ಮುಚ್ಚಿಕೊಂಡಿತ್ತು ಅಷ್ಟೆ.

ತಿಥಿಯ ದಿನ ಸ್ಮಶಾನದಲ್ಲಿ ಗಾಳಿ ಬೀಸುತ್ತಿತ್ತು. ಪಾದ್ರಿ ಪ್ರಾರ್ಥನೆ ಮುಗಿಸಿ ಸಮಾಧಿಯ ಮೇಲೆ ವೈನ್ ಸುರಿದರು. ಹೆಂಗಸರು ಪಕ್ಕದ ಬೆಂಚಿನ ಮೇಲೆ ಬಟ್ಟೆ ಹಾಸಿ ತಂದದ್ದನ್ನೆಲ್ಲ ಬಿಚ್ಚಿದರು. ಸಕ್ಕರೆ, ಆಕ್ರೋಟ್ ಬೆರೆಸಿದ ಬೆಂದ ಗೋಧಿ, ಬ್ರೆಡ್ಡು, ಸೇಬು, ಬಿಸ್ಕತ್ತು. ಬೆಳಿಗ್ಗೆ ನೆವ್ಯಾನಾ ತಾತನ ಹಾಗೆಯೇ ಒಂದು ಬ್ರೆಡ್ ಬೇರೆಯಾಗಿ ಸುಟ್ಟು ತಂದಿದ್ದಳು. ತಳ ತಟ್ಟಿ ಕೇಳಿದ್ದಳು.

ಮೇಯರ್ ಬಾಚೆವ್ ಕಪ್ಪು ಕೋಟಿನಲ್ಲಿ ಮುಂದೆ ಬಂದರು. ಹಿಂದೆ ಕ್ಯಾಮೆರಾ ಹೊತ್ತವನು, ಅವನ ಹಿಂದೆ ತೊನ್ಚೆವಾ ಮೇಡಂ. ದೂರದಲ್ಲಿ ಕಾರಿನ ಪಕ್ಕ ಪ್ಲಾಮೆನ್. ತನ್ನ ಅಪ್ಪನ ತಿಥಿಗೆ ಅವನು ಡ್ರೈವರಾಗಿ ಬಂದಿದ್ದ. ಮೇಯರ್ ಗಂಟಲು ಸರಿಮಾಡಿಕೊಂಡು ಒಳಜೇಬಿನ ಕಡೆ ಕೈ ಒಯ್ದರು.

ಗಿನಾ ಅತ್ತೆ ಆ ಕೈಯನ್ನೇ ಕಾಯುತ್ತಿದ್ದಳು.

"ಮೊದ್ಲು ಗೋಧಿ ತಗೊಳ್ಳಿ ಮೇಯರ್ ಸಾಹೇಬ್ರೆ. ಸ್ತಮೆನನಿಗಾಗಿ," ಎಂದು ಜೇಬಿಗೆ ಹೋಗುತ್ತಿದ್ದ ಕೈಗೆ ತುಂಬಿದ ಲೋಟ ಇಟ್ಟಳು.

"ದೇವರು ಕ್ಷಮಿಸಲಿ," ಅಂದರು ಮೇಯರ್. ಇನ್ನೊಂದು ಕೈಯನ್ನು ಜೇಬಿನ ಕಡೆ ತಿರುಗಿಸಿದರು.

"ಈ ಕೈಲಿ ಮೇಣದ ಬತ್ತಿ. ಆರಿಸಬೇಡಿ, ಕೇಡು," ಅಂದಳು ಅತ್ತೆ.

ಪೆನಾ ಅಜ್ಜಿಗೆ ಹೇಳಿಕೊಡಬೇಕಾಗಲಿಲ್ಲ. "ಸ್ತಮೆನನಿಗಾಗಿ," ಎಂದು ಮೇಯರರ ಮೊಣಕೈ ಸಂದಿಯಲ್ಲಿ ಒಂದು ಸೇಬು ಸಿಕ್ಕಿಸಿದರು. "ಇನ್ನೊಂದು ತಗೊಳ್ಳಪ್ಪ, ಮನೇಲಿ ಹೆಂಡ್ತಿಗೆ." ಮೆಥೋದಿಯ ಹೆಂಡತಿ ಬಿಸ್ಕತ್ತಿನ ಪೊಟ್ಟಣ ತಂದಳು. ಹಿಂದೆ ಬೇಕರಿಯಲ್ಲಿ ತಾತನ ಜೊತೆ ದುಡಿದ ಇಬ್ಬರು ಹೆಂಗಸರು ವೈನ್ ಲೋಟ ತಂದು, ಹಿಡಿಯಲು ಕೈ ಇಲ್ಲವೆಂದು ಗೋಧಿ ಲೋಟ ಹಿಡಿದ ಬೆರಳುಗಳ ನಡುವೆ ಸೇರಿಸಿದರು. ಪ್ರತಿಸಲ ಮೇಯರ್, "ದೇವರು ಕ್ಷಮಿಸಲಿ, ದೇವರು ಕ್ಷಮಿಸಲಿ," ಅನ್ನುತ್ತ ಗದ್ದದಿಂದ ಬಿಸ್ಕತ್ತು ಒತ್ತಿ ಹಿಡಿದರು. ಬೇಡ ಅನ್ನುವಂತಿರಲಿಲ್ಲ. ಇಡಲು ನೆಲ ಬಿಟ್ಟರೆ ಬೇರೆ ಜಾಗವಿರಲಿಲ್ಲ. ನೆಲದ ಮೇಲೆ ಇಟ್ಟರೆ ಕ್ಯಾಮೆರಾ ನೋಡುತ್ತಿತ್ತು, ಊರೂ ನೋಡುತ್ತಿತ್ತು. ತೊನ್ಚೆವಾ ಮೇಡಂ ನೆರವಿಗೆ ಬಂದರೆ ಅವರ ಕೈಗೂ ಹಾಗೆಯೇ ಆಯಿತು. ಭಾಷಣ ಒಳಜೇಬಿನಲ್ಲೇ ಬೆಚ್ಚಗೆ ಕೂತಿತ್ತು.

"ಮಾತಾಡಿ ಸಾಹೇಬ್ರೆ," ಅಂದಳು ಅತ್ತೆ ವಿನಯದಿಂದ. "ಬಿಸ್ಕತ್ತು ಬೀಳದ ಹಾಗೆ ಮಾತಾಡಿ."

ಯಾರೋ ಕೆಮ್ಮಿದರು. ಕೆಮ್ಮು ಅಲ್ಲ ಅದು.

ಆಗ ನೆವ್ಯಾನಾ ತನ್ನ ಬ್ರೆಡ್ ಹಿಡಿದು ಮುಂದೆ ಬಂದಳು. ಅದನ್ನು ಮೇಯರರ ಎರಡೂ ತೋಳುಗಳ ಮೇಲೆ, ಉಳಿದೆಲ್ಲದರ ಮೇಲೆ ಇಟ್ಟಳು. "ಇಲ್ಕೊನಿಗಾಗಿ," ಅಂದಳು. ಎಲ್ಲರಿಗೂ ಕೇಳಿಸಿತು. "ಇಲ್ಕೊ ಸ್ತೊಯ್ಕೊವ್‌ಗಾಗಿ."

ಮೇಯರ್ ಅವಳ ಮುಖ ನೋಡಲಿಲ್ಲ. ಬ್ರೆಡ್ ಜಾರೀತೆಂದು ಅದನ್ನೇ ನೋಡುತ್ತಿದ್ದರು. "ದೇವರು ಕ್ಷಮಿಸಲಿ, ದೇವರು ಕ್ಷಮಿಸಲಿ," ಅಂದರು, ಬಸ್ಸಿನಲ್ಲಿ ಮುಂದೆ ಹೋಗಿ ಮುಂದೆ ಹೋಗಿ ಅನ್ನುವ ಹಾಗೆ. ಆಮೇಲೆ ಕಾರಿನ ಕಡೆ ತಿರುಗಿ ನಡೆದರು.

ಅಷ್ಟು ಹೊತ್ತು ನಗು ತಡೆದುಕೊಂಡಿದ್ದ ಹೆಂಗಸರು ಈಗ ನಕ್ಕರು. ನೆವ್ಯಾನಾಳಿಗೆ ನಗು ಬರಲಿಲ್ಲ. ಊರಿನ ಕುಡುಕನೂ ಆ ಬ್ರೆಡ್ ತೆಗೆದುಕೊಂಡಾಗ ಒಂದು ಗಳಿಗೆ ನಿಂತು, ಯಾವ ಇಲ್ಕೊ, ಓ ಆ ಇಲ್ಕೊ ಎಂದು ಟೋಪಿ ತೆಗೆಯುತ್ತಿದ್ದ. ಈ ಮನುಷ್ಯ ಹೆಸರನ್ನು ಕಿವಿಯೊಳಗೇ ಬಿಟ್ಟುಕೊಳ್ಳಲಿಲ್ಲ. ಅದಾದ ಮೇಲೆ ಸ್ಮಶಾನದ ಗೇಟಿನ ಹೊರಗೆ, ತಂದದ್ದನ್ನೆಲ್ಲ ಕಾರಿನ ಹಿಂದಿನ ಸೀಟಿಗೆ ಸುರಿದು, ಕೋಟು ಕೊಡವಿಕೊಂಡು, ಕ್ಯಾಮೆರಾದ ಮುಂದೆ ನಿಂತು ಅವರು ಜೇಬಿನ ಕಾಗದ ಓದಿಯೇ ಓದಿದರು. ಹದಿನೇಳು, ಸಿಂಹ, ಕಲ್ಲು, ಚಿನ್ನದ ಅಕ್ಷರ. ಸಂಜೆ ಟೀವಿಯಲ್ಲಿ ಬಂತು. ಗಿನಾ ಅತ್ತೆ ಟೀವಿಯ ಮೇಲೆ ಟವೆಲು ಹಾಕಿದಳು.

ನೆವ್ಯಾನಾ ಆಗಲೇ ಮೇಜಿನ ಮುಂದೆ ಕೂತು ಬರೆಯುತ್ತಿದ್ದಳು. ಈ ಸಲ ಹೊಡೆದುಹಾಕಲಿಲ್ಲ, ತಿದ್ದಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಅಚ್ಚಿನ ಅಂಗಡಿಯವನು ಓದಿ ತಲೆಯೆತ್ತಿದ. "ಫೋಟೊ ಇಲ್ವಾ?"

"ಅವನ ಫೋಟೊ ಯಾರೂ ತೆಗೆದಿಲ್ಲ. ಚೌಕಟ್ಟು ಖಾಲಿ ಬಿಡಿ."

ಗಿನಾ ಅತ್ತೆ ಒಲೆಯ ಮೇಲೆ ಮೈದಾ ಅಂಟು ಕಾಯಿಸಿ ಸಣ್ಣ ಬಕೆಟ್ಟಿಗೆ ಹಾಕಿ ಕೊಟ್ಟಳು. ಜನ ಮಾರುಕಟ್ಟೆಗೆ ಬರುವ ಹೊತ್ತಿಗೆ, ನಡು ಚೌಕದಲ್ಲಿ, ನೆವ್ಯಾನಾ ಹೂಗುಚ್ಛದ ತಟ್ಟೆ ಸರಿಸಿ ಮೊಣಕಾಲೂರಿ ಕೂತಳು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎನಿಸಿ ಬೆನ್ನು ಉರಿಯುತ್ತಿತ್ತು. ಉರಿಯಲಿ ಅಂದುಕೊಂಡಳು. ಪೆನ್ಸಿಲಿನ ಗೆರೆಗಳ ಮೇಲೆ ಅಂಟು ಬಳಿದು, ಹಾಳೆ ಹಚ್ಚಿ, ನಡುವಿನಿಂದ ಅಂಚಿಗೆ ಅಂಗೈಯಿಂದ ನೀವಿದಳು. ತಾತ ಹಿಟ್ಟಿನ ಹಾಳೆಯನ್ನು ನೀವುತ್ತಿದ್ದುದು ಹಾಗೆಯೇ.

'ಇಲ್ಕೊ ಸ್ತೊಯ್ಕೊವ್. ಬ್ರೆಡ್ ಹೊತ್ತು ಹೋದವನು, ಓಡಿಹೋದವನಲ್ಲ. ಇಪ್ಪತ್ತೊಂದು ವರ್ಷ ಬದುಕಿದ. ಇವನಿಗಾಗಿ ಸ್ತಮೆನ್ ಕೇಳುತ್ತಲೇ ಇದ್ದ, ಈ ಊರು ಇಲ್ಲ ಅನ್ನುತ್ತಲೇ ಇತ್ತು.'

ಪೆನಾ ಅಜ್ಜಿ ಚೀಲ ಕೆಳಗಿಟ್ಟು, ಕನ್ನಡಕ ಹಾಕಿಕೊಂಡು ಓದಿದರು. ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು. ಆಮೇಲೆ ಮೊದಲ ಸಲ ನೋಡುವವರಂತೆ ಚರ್ಚಿನ ಹಿಂದಿನ ಓಣಿಯ ಕಡೆ ನೋಡಿದರು. "ಅವನಮ್ಮ ಆ ಕಡೆಯಿಂದಾನೇ ಹೋಗ್ತಿದ್ದಳು," ಅಂದರು. "ನಾವೆಲ್ಲ ನೋಡ್ತಿದ್ವಿ. ಒಬ್ರೂ ಈ ಕಡೆ ಬಾರವ್ವ ಅನ್ನಲಿಲ್ಲ."

ಮಧ್ಯಾಹ್ನ ಕಲ್ಲು ಕೆತ್ತುವವನು ಉಳಿ, ಸುತ್ತಿಗೆ, ಚಿನ್ನದ ಬಣ್ಣದ ಡಬ್ಬಿ ತೆಗೆದುಕೊಂಡು ಬಂದ. ಹಾಳೆ ನೋಡಿ ಪೆಟ್ಟಿಗೆ ಕೆಳಗಿಟ್ಟ. ಸಿಗರೇಟು ಹಚ್ಚಿದ. ಸ್ವಲ್ಪ ಹೊತ್ತಿಗೆ ಮೇಯರರ ಕಾರು ಬಂತು.

"ಇದೇನಿದು?" ಅಂದರು ಮೇಯರ್ ಇಳಿಯುತ್ತ. "ತೆಗೀರಿ ಇದನ್ನ."

"ಸಾವಿನ ಹಾಳೆ ಸಾಹೇಬ್ರೆ," ಅಂದ ಕಲ್ಲಿನವನು. "ನಂಗೆ ಮಕ್ಕಳಿದಾರೆ. ನಾನು ಮುಟ್ಟಲ್ಲ. ಮಳೆ ಬರ್ಲಿ, ಆಮೇಲೆ ನೋಡೋಣ."

"ಸತ್ತು ಎಂಬತ್ತು ವರ್ಷ ಆದೋನಿಗೆ ಯಾವ ಸಾವಿನ ಹಾಳೆ?"

"ತಡವಾಗಿ ಹಚ್ಚಿದಾರೆ," ಅಂದ ಅವನು.

ಮೇಯರ್ ಸುತ್ತ ನೋಡಿದರು. ಮಾರುಕಟ್ಟೆಯ ಹೆಂಗಸರು ತರಕಾರಿ ಆರಿಸುವುದನ್ನು ಬಿಟ್ಟು ನಿಂತಿದ್ದರು. ಮೇಯರರ ಕೈ ಹಾಳೆಯ ಕಡೆ ಸ್ವಲ್ಪ ಹೋಗಿ ಹಿಂದೆ ಬಂತು. "ಪ್ಲಾಮೆನ್. ನಿನ್ನ ಮಗಳ ಕೆಲಸ ತಾನೇ. ನೀನೇ ತೆಗಿ."

ಪ್ಲಾಮೆನ್ ಕಾರಿನಿಂದ ಇಳಿದ. ನಿಧಾನವಾಗಿ ಸ್ಮಾರಕದ ಹತ್ತಿರ ಬಂದು ಬಗ್ಗಿದ. ಹೆಂಗಸರ ನಡುವೆ ನಿಂತಿದ್ದ ನೆವ್ಯಾನಾ ಒಂದು ಹೆಜ್ಜೆ ಮುಂದೆ ಬಂದಳು. ಅವನು ಹಾಳೆ ಓದಿದ. ಕೆಳಗಿನ ಎಡ ಮೂಲೆ ಗಾಳಿಗೆ ಎದ್ದಿತ್ತು. ಅದನ್ನು ಹೆಬ್ಬೆರಳಿನಿಂದ ಒತ್ತಿ, ಅಂಟುವವರೆಗೂ ಒತ್ತಿ ಹಿಡಿದು, ಎದ್ದ.

"ನೀವೇ ತೆಗೀರಿ ಸಾಹೇಬ್ರೆ," ಅಂದ. "ನಮ್ಮಪ್ಪ ನಿಮ್ಮ ಮೆಟ್ಟಿಲು ಹತ್ತಿ ಬಂದಾಗೆಲ್ಲ ನಾನು ಕೆಳಗೆ ಕಾರು ಒರೆಸ್ತಾ ನಿಂತಿರ್ತಿದ್ದೆ. ಅದೇ ಸಾಕು ನಂಗೆ."

ಕಾರಿನ ಬೀಗದ ಕೈಯನ್ನು ಕಾರಿನ ಮೇಲಿಟ್ಟು ಅವನು ಮನೆಯ ಕಡೆ ನಡೆದ. ಮೇಯರ್ ಅಂದು ತಾವೇ ಕಾರು ಓಡಿಸಿಕೊಂಡು ಹೋದರು. ಗೇರು ಹಾಕುವ ಸದ್ದು ಚೌಕದ ಆ ತುದಿಯವರೆಗೆ ಕೇಳಿಸಿತು.

ಗುರುವಾರ ಮಳೆ ಹಿಡಿಯಿತು. ಮೂರು ದಿನದ ವಸಂತದ ಮಳೆ. ಕಿಟಕಿಯಿಂದ ನೋಡಿದರೆ ಬಸ್ ನಿಲ್ದಾಣದ ಗೋಡೆಯ ದೊಡ್ಡ ಹಾಳೆ ತೊಯ್ದು, ಪದಕದ ಕೋಟು ಕೆಳಕ್ಕೆ ಜೋತುಬಿದ್ದಿತ್ತು. ಚೌಕದ ಹಾಳೆಯೂ ಹಾಗೆಯೇ ಆಗಿರಬೇಕು. ಕಲ್ಲಿನವನು ಸೋಮವಾರ ಬರುತ್ತಾನೆ ಎಂದು ಊರೆಲ್ಲ ಹೇಳುತ್ತಿತ್ತು.

ಅಚ್ಚಿನ ಅಂಗಡಿಯಿಂದ ತಂದ ಉಳಿದ ಹಾಳೆಗಳು ಮೇಜಿನ ಮೇಲೆ ಒಂದರ ಮೇಲೊಂದು ಇದ್ದವು. ಖಾಲಿ ಚೌಕಟ್ಟು, ಅದರ ಕೆಳಗೆ ಹೆಸರು. ಪ್ಲಾಮೆನ್ ಒಲೆಯ ಮುಂದೆ ನಿಂತು ಪಾತ್ರೆಯಲ್ಲಿ ಮೈದಾ ಕಲಕುತ್ತಿದ್ದ. ಕೆಲಸ ಹೋದವನಿಗೆ ಹೊತ್ತು ಹೋಗಬೇಕಲ್ಲ ಎಂದು ಅತ್ತೆ ರೇಗಿಸುತ್ತಿದ್ದಳು.

"ಗಂಟು ಕಟ್ಟುತ್ತೆ ಅಪ್ಪ," ಅಂದಳು ನೆವ್ಯಾನಾ. "ಬೇಗ ಬೇಗ ತಿರುಗಿಸು. ಮಳೆ ನಿಲ್ತಾ ಇದೆ."